ಬೇಸ್ ಕೇಳಿಸದೆ ಬರೆದ ಅಭಿಪ್ರಾಯಗಳು

ಹಾಸನ, 14 ಮೇ 2017

ಮಾನ್ಯ ಸಂಪಾದಕರೇ,

ಬ್ರಿಟನ್ನಿನ ಜಮಿರೊಕ್ವಾಯ್ ತಂಡವು ಏಳು ವರ್ಷಗಳ ಬಿಡುವಿನ ನಂತರ ಕಳೆದ ಮಾರ್ಚ್ 31ರಂದು ಬಿಡುಗಡೆ ಮಾಡಿದ ‘ಆಟೊಮಾಟನ್’ ಆಲ್ಬಮ್ಮಿನ ಕುರಿತು ತಮ್ಮ ಭಾನುವಾರದ ಪುರವಣಿಯಲ್ಲಿ ಎರಡು ವಾರ ಪ್ರಕಟವಾದ ಕೇಳುಗರ ಅಭಿಪ್ರಾಯಗಳನ್ನು ಒಂದನ್ನೂ ಬಿಡದೆ ಓದಿದ್ದೇನೆ. ಫಂಕ್ ಮತ್ತು ಡಿಸ್ಕೊ ನುಡಿಸುವ ಪರದೇಶದ ತಂಡವೊಂದರ ಹೊಸ ಹಾಡುಗಳ ಬಗ್ಗೆ ನಮ್ಮ ಜಿಲ್ಲೆ, ತಾಲ್ಲೂಕುಗಳ ಓದುಗರು ಕನ್ನಡದಲ್ಲಿ ಬರೆದು ವಾದಿಸುವುದನ್ನು ಕಂಡು ನನಗಾದ ಸಂತೋಷ ಸಣ್ಣದಲ್ಲ. ಈ ಪತ್ರ ಬರೆಯುತ್ತಿರುವುದೂ ಆ ಸಂತೋಷದಿಂದಲೇ. ಆದರೆ ಪ್ರಕಟವಾದವುಗಳಲ್ಲಿ ಹೆಚ್ಚಿನವು ಆಲ್ಬಮ್ಮಿನ ಅರ್ಧವನ್ನು ಮಾತ್ರ ಕೇಳಿ ಬರೆದವು ಎಂದು ನನಗೆ ಖಚಿತವಾಗಿದೆ. ಬರೆದವರು ಹನ್ನೆರಡು ಹಾಡುಗಳನ್ನೂ ಕೇಳಿರಬಹುದು. ಆದರೆ ಪ್ರತಿ ಹಾಡಿನ ಕೆಳಗಿನ ಅರ್ಧ, ಅಂದರೆ ಮಂದ್ರ ಸ್ವರಗಳ ಬೇಸ್ ಗಿಟಾರ್ ಮತ್ತು ಕಾಲಿನಿಂದ ನುಡಿಸುವ ದೊಡ್ಡ ಬೇಸ್ ಡ್ರಮ್ ಕೂಡಿ ನಡೆಯುವ ಭಾಗ, ಅವರ ಕಿವಿಗೆ ತಲುಪಿಲ್ಲ. ಈ ಬಗೆಯ ಸಂಗೀತದಲ್ಲಿ ಹಾಡನ್ನು ಹೊತ್ತು ನಡೆಯುವುದೇ ಆ ಭಾಗ.

ಇದನ್ನು ಇಷ್ಟು ಧೈರ್ಯವಾಗಿ ಹೇಳಲು ಕಾರಣವಿದೆ. ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತಿದ್ದ ನಾನು 1984ರಿಂದ ಹದಿಮೂರು ವರ್ಷ ಹಾಸನದ ಒಂದು ಆರ್ಕೆಸ್ಟ್ರಾದಲ್ಲಿ ಬೇಸ್ ಗಿಟಾರ್ ನುಡಿಸಿದವನು. ಗಣಪತಿ ಪೆಂಡಾಲು, ರಾಜ್ಯೋತ್ಸವದ ವೇದಿಕೆ, ಅರಸೀಕೆರೆ, ಚನ್ನರಾಯಪಟ್ಟಣ, ಬೇಲೂರು, ಸಕಲೇಶಪುರದ ಜಾತ್ರೆಗಳು, ಹೀಗೆ ಜಿಲ್ಲೆಯ ಎಂಟೂ ತಾಲ್ಲೂಕುಗಳಲ್ಲಿ ರಾತ್ರಿಯಿಡೀ ನಿಂತು ನುಡಿಸಿದ್ದೇನೆ. 1981ರಲ್ಲಿ ತೆರೆಕಂಡ ಶಂಕರನಾಗ್ ಅವರ ‘ಗೀತಾ’ ಚಿತ್ರಕ್ಕೆ ಇಳಯರಾಜಾ ಕೊಟ್ಟ ‘ಸಂತೋಷಕ್ಕೆ’ ಹಾಡಿಲ್ಲದೆ ನಮ್ಮ ಯಾವ ಕಾರ್ಯಕ್ರಮವೂ ಮುಗಿಯುತ್ತಿರಲಿಲ್ಲ. ಅದರ ಬೇಸ್ ಶುರುವಾದೊಡನೆ, ಗಾಯಕರು ಬಾಯಿ ತೆರೆಯುವ ಮೊದಲೇ, ಹಿಂದಿನ ಸಾಲಿನಲ್ಲಿ ಕಂಬಳಿ ಹೊದ್ದು ಕುಳಿತಿದ್ದ ಮುದುಕರ ಕಾಲು ಕೂಡ ಆಡತೊಡಗುವುದನ್ನು ವೇದಿಕೆಯ ಮೂಲೆಯಿಂದ ನೂರಾರು ಸಲ ನೋಡಿದ್ದೇನೆ. ಒಮ್ಮೆ ಬೇಲೂರಿನಲ್ಲಿ ನನ್ನ ಆಂಪ್ಲಿಫೈಯರ್ ಸುಟ್ಟುಹೋಗಿ ಬೇಸ್ ಇಲ್ಲದೆಯೇ ಅದೇ ಹಾಡು ಹಾಡಬೇಕಾಯಿತು. ಗಾಯಕ ಅದೇ, ಕೀಬೋರ್ಡ್ ಅದೇ, ಜನ ಅದೇ. ಒಂದು ಕಾಲೂ ಅಲುಗಲಿಲ್ಲ. ಡಿಸ್ಕೊ ಎಂದರೇನು ಎಂದು ನಾನು ಕಲಿತದ್ದು ಆ ರಾತ್ರಿ.

ಈಗ ನಾವು ಹಾಡು ಕೇಳುವ ರೀತಿಯನ್ನು ಯೋಚಿಸಿ. ಕಳೆದ ಸೆಪ್ಟೆಂಬರಿನಲ್ಲಿ ಜಿಯೋ ಸಿಮ್ ಬಂದ ಮೇಲೆ ಡೇಟಾ ಎಂಬುದು ನಲ್ಲಿ ನೀರಿಗಿಂತ ಸುಲಭವಾಗಿದೆ. ಲಂಡನ್ನಿನಲ್ಲಿ ಬೆಳಿಗ್ಗೆ ಬಿಡುಗಡೆಯಾದ ಆಲ್ಬಮ್ಮನ್ನು ಆಲೂರಿನ ಹುಡುಗ ಅದೇ ದಿನ ಕೇಳಬಲ್ಲ. ಬ್ರಿಗೇಡ್ ರಸ್ತೆಯ ಕ್ಯಾಸೆಟ್ ಅಂಗಡಿಗೆ ಹೋಗಿ ಬರಲು ಒಂದು ದಿನದ ರಜೆ ಹಾಕುತ್ತಿದ್ದ ನನ್ನಂಥವನಿಗೆ ಇದು ಕನಸಿನಂತಹ ಸಂಗತಿ, ಇದನ್ನು ನಾನು ಹಳಿಯಲಾರೆ. ಆದರೆ ಆ ಹುಡುಗ ಕೇಳುವುದು ಫೋನಿನ ಸ್ಪೀಕರಿನಲ್ಲಿ. ನಾಲ್ಕು ತಂತಿಯ ಬೇಸ್ ಗಿಟಾರಿನ ಅತಿ ಕೆಳಗಿನ ಸ್ವರ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ; ಬೇಸ್ ಡ್ರಮ್ಮಿನ ಏಟಿನ ತೂಕವೂ ಹೆಚ್ಚುಕಡಿಮೆ ಅದೇ ಸುತ್ತಿನಲ್ಲಿ, ನೂರರ ಒಳಗೆ, ಇರುತ್ತದೆ. ಅಷ್ಟು ನಿಧಾನವಾದ ಕಂಪನಕ್ಕೆ ಬಹಳಷ್ಟು ಗಾಳಿಯನ್ನು ತಳ್ಳಬೇಕು, ಉಗುರಿನಗಲದ ಸ್ಪೀಕರಿನಿಂದ ಅದು ಆಗದ ಕೆಲಸ. ಮೇಲಿನ ಅನುಸ್ವರಗಳನ್ನು ಹಿಡಿದು ನಮ್ಮ ಮಿದುಳು ಕೆಳಗಿನ ಸ್ವರ ಯಾವುದಿರಬೇಕೆಂದು ಊಹಿಸಿಕೊಳ್ಳುತ್ತದೆ, ಆದ್ದರಿಂದ ರಾಗ ತಪ್ಪಿದಂತೆ ಅನ್ನಿಸುವುದಿಲ್ಲ. ಎದೆಗೆ ತಾಗುವ ಒತ್ತು ಮಾತ್ರ ಎಲ್ಲಿಯೂ ಇರುವುದಿಲ್ಲ. ಉಳಿದದ್ದು ಕೀಬೋರ್ಡಿನ ಹೊಳಪು, ಚಪ್ಪಾಳೆಯ ಸದ್ದು ಮತ್ತು ಗಾಯಕ ಜೇ ಕೇಯ ತೆಳು ಕಂಠ. ಇವಿಷ್ಟನ್ನೇ ಕೇಳಿದವರು ‘ಸಪ್ಪೆ’, ‘ಯಾಂತ್ರಿಕ’, ‘ಭಾವವಿಲ್ಲದ್ದು’ ಎಂದು ಬರೆದರೆ ಅವರು ಸುಳ್ಳು ಹೇಳಿದಂತಾಗದು. ತಮಗೆ ಕೇಳಿಸಿದ್ದನ್ನೇ ಬರೆದಿದ್ದಾರೆ.

ನನ್ನ ಮಾತು ಊಹೆಯಾಗಬಾರದೆಂದು ಕಳೆದ ಭಾನುವಾರ ಒಂದು ಸಣ್ಣ ಪರೀಕ್ಷೆ ಮಾಡಿದೆವು. ಸಾಲಗಾಮೆ ರಸ್ತೆಯಲ್ಲಿ ಸೌಂಡ್ ಸರ್ವಿಸ್ ಇಟ್ಟುಕೊಂಡಿರುವ ನನ್ನ ಹಳೆಯ ಗೆಳೆಯರ ಗೋದಾಮಿನಲ್ಲಿ ಏಳು ಜನ ಸೇರಿದ್ದೆವು: ನಮ್ಮ ಆರ್ಕೆಸ್ಟ್ರಾದ ರಿದಂ ಪ್ಯಾಡ್ ನುಡಿಸುತ್ತಿದ್ದವರು, ವೀಣೆ ಕಲಿಸುವ ಒಬ್ಬ ಹಿರಿಯ ತಾಯಿ, ಸಕಲೇಶಪುರದ ಕಡೆಯ ಕಾಫಿ ಬೆಳೆಗಾರರೊಬ್ಬರು, ಎಂಜಿನಿಯರಿಂಗ್ ಓದುತ್ತಿರುವ ಇಬ್ಬರು ಹುಡುಗರು, ಗೆಳೆಯರು, ನಾನು. ಮೊದಲು ಮೂರು ಹಾಡುಗಳನ್ನು ಫೋನನ್ನು ಮೇಜಿನ ಮೇಲಿಟ್ಟು ಕೇಳಿ, ಪ್ರತಿಯೊಬ್ಬರೂ ತಮಗನ್ನಿಸಿದ್ದನ್ನು ಚೀಟಿಯಲ್ಲಿ ಬರೆದಿಟ್ಟೆವು. ಆಮೇಲೆ ಅದೇ ಮೂರು ಹಾಡುಗಳನ್ನು, ಅಷ್ಟೇ ಹಿತವಾದ ಮಟ್ಟದಲ್ಲಿ, ಹದಿನೈದು ಇಂಚಿನ ಎರಡು ಬೇಸ್ ಬಾಕ್ಸುಗಳಲ್ಲಿ ಕೇಳಿದೆವು. ಮದುವೆ ಮೆರವಣಿಗೆಯಲ್ಲಿ ಕಿಟಕಿ ಗಾಜು ನಡುಗಿಸುವಂತೆ ಹಾಕಲಿಲ್ಲ. ಪಕ್ಕದವರ ಮಾತು ಕೇಳಿಸುವಷ್ಟೇ ಹಾಕಿದ್ದೆವು.

ಮೊದಲ ಹಾಡು ‘ಶೇಕ್ ಇಟ್ ಆನ್’ ನಡುವೆ ಬರುವಷ್ಟರಲ್ಲಿ ಹುಡುಗರಲ್ಲೊಬ್ಬ ನನ್ನ ಕಡೆ ತಿರುಗಿ, “ಮೇಷ್ಟ್ರೇ, ಇದರಲ್ಲಿ ಇಷ್ಟೊಂದು ಬೇಸ್ ಇತ್ತಾ? ನಾನು ಒಂದು ತಿಂಗಳಿಂದ ದಿನಾ ಕೇಳ್ತಿದೀನಿ, ಗೊತ್ತೇ ಇರ್ಲಿಲ್ಲ” ಎಂದ. ಅವನ ಮುಖದಲ್ಲಿದ್ದದ್ದು ಅಚ್ಚರಿಗಿಂತ ಹೆಚ್ಚಾಗಿ ನಷ್ಟದ ಭಾವ. ತಿಂಗಳಿಡೀ ಪ್ರೀತಿಸಿದ ವಸ್ತುವಿನ ಒಂದು ಭಾಗ ತನ್ನಿಂದ ಮರೆಯಾಗಿತ್ತು ಎಂಬುದು ಅವನಿಗೆ ಆಗ ತಿಳಿದಿತ್ತು. ವೀಣೆಯ ತಾಯಿಯವರು ಎಂದೂ ಈ ಬಗೆಯ ಸಂಗೀತವನ್ನು ಕುಳಿತು ಕೇಳಿದವರಲ್ಲ. ಅವರು ಕಣ್ಣು ಮುಚ್ಚಿಕೊಂಡೇ, “ಆ ಬೇಸ್‌ನವನು ನುಡಿಸುವುದಕ್ಕಿಂತ ಬಿಡುವುದು ಚೆನ್ನಾಗಿದೆ. ಎಲ್ಲಿ ಸುಮ್ಮನಿರಬೇಕೆಂದು ಗೊತ್ತಿದೆ ಅವರಿಗೆ” ಎಂದರು. ಬೇಸ್ ನುಡಿಸುವ ಪಾಲ್ ಟರ್ನರ್ ಬಗ್ಗೆ ನಾನು ಓದಿದ ಯಾವ ಅಭಿಪ್ರಾಯವೂ ಈ ಒಂದು ಮಾತಿನಷ್ಟು ಹತ್ತಿರಕ್ಕೆ ಹೋಗಿಲ್ಲ. ಬರೆದಿಟ್ಟ ಏಳು ಚೀಟಿಗಳಲ್ಲಿ ಐದನ್ನು ಬರೆದವರೇ ಬದಲಾಯಿಸಿದರು. ಬದಲಾಯಿಸದ ಇಬ್ಬರಲ್ಲಿ ಒಬ್ಬರು ಕಾಫಿ ಬೆಳೆಗಾರರು. ಅವರ ವಿಷಯಕ್ಕೆ ಮುಂದೆ ಬರುತ್ತೇನೆ.

ಆ ತಾಯಿಯವರ ಮಾತಿನಲ್ಲಿ ಫಂಕ್ ಸಂಗೀತದ ಹುಟ್ಟಿನ ಕಥೆಯೇ ಇದೆ. 1960ರ ದಶಕದಲ್ಲಿ ಅಮೆರಿಕದ ಜೇಮ್ಸ್ ಬ್ರೌನ್ ತಮ್ಮ ತಂಡದವರಿಗೆ ಒತ್ತನ್ನು ನಾಲ್ಕರಲ್ಲಿ ಮೊದಲ ಎಣಿಕೆಗೆ ಹಾಕಿರೆಂದು ಹೇಳತೊಡಗಿದರು. ಅಲ್ಲಿಯವರೆಗೆ ಅಲ್ಲಿನ ಜನಪ್ರಿಯ ಸಂಗೀತದಲ್ಲಿ ಎರಡು ಮತ್ತು ನಾಲ್ಕಕ್ಕೆ ಒತ್ತು ಬೀಳುತ್ತಿತ್ತು. ಮೊದಲ ಎಣಿಕೆ ಗಟ್ಟಿಯಾದ ಮೇಲೆ ಉಳಿದ ಮೂರರಲ್ಲಿ ಯಾರು ಬೇಕಾದರೂ ಎಲ್ಲಿಗೆ ಬೇಕಾದರೂ ಹೋಗಿ ಬರಬಹುದು, ಮರಳಿ ಅಲ್ಲಿಗೆ ಬಂದು ಕೂಡಿದರಾಯಿತು. ಸಮಕ್ಕೆ ಬಂದು ಸೇರುವುದು ಎಂದರೇನೆಂದು ನಮ್ಮ ಕಚೇರಿ ಕೇಳುಗರಿಗೆ ಯಾರೂ ವಿವರಿಸಬೇಕಿಲ್ಲ. ನಮ್ಮ ಜಿಲ್ಲೆಯ ಚಿಟ್ಟಿಮೇಳದವರು ಜಾತ್ರೆಯಲ್ಲಿ ಕುಣಿಯುತ್ತಾ ಮಾಡುವುದೂ ಇದನ್ನೇ. ಬೆರಳಿನಿಂದ ಮೀಟುವ ಬೇಸ್ ಗಿಟಾರನ್ನು ಹೆಬ್ಬೆರಳಿನಿಂದ ಬಡಿದು ನುಡಿಸುವ ಪದ್ಧತಿಯನ್ನು ತಂದ ಲ್ಯಾರಿ ಗ್ರಹಾಂ, ಅದನ್ನು ಕಂಡುಕೊಂಡದ್ದು ತಾಯಿಯ ಜೊತೆಗೆ ಸಣ್ಣ ಸಭೆಗಳಲ್ಲಿ ನುಡಿಸುವಾಗ. ಡ್ರಮ್ ನುಡಿಸುವವರು ಇರಲಿಲ್ಲವಾದ್ದರಿಂದ ತಂತಿಯನ್ನು ಬಡಿದು ಬೇಸ್ ಡ್ರಮ್ಮಿನ ಸದ್ದನ್ನೂ, ಎಳೆದು ಬಿಟ್ಟು ಮೇಲಿನ ಡ್ರಮ್ಮಿನ ಸದ್ದನ್ನೂ ತಾವೇ ಹೊರಡಿಸಿದರು. ಕೊರತೆಯಿಂದ ಹುಟ್ಟಿದ ಆ ಪದ್ಧತಿಯನ್ನು ಜಗತ್ತಿನ ಬೇಸ್ ವಾದಕರೆಲ್ಲ ಕಲಿತರು. ಕ್ಯಾಸೆಟ್ ಕೇಳಿ ಕೇಳಿ ಹಾಸನದಲ್ಲಿ ನಾನೂ ಕಲಿತೆ, ಹೆಬ್ಬೆರಳು ಊದಿಸಿಕೊಂಡು. ಇಂಥ ಸಂಗೀತದಲ್ಲಿ ಬೇಸ್ ಎಂಬುದನ್ನು ಪಕ್ಕವಾದ್ಯವೆಂದು ತಿಳಿದು ಪಕ್ಕಕ್ಕಿಟ್ಟು ವಿಮರ್ಶೆ ಮಾಡುವುದು ತಂಬೂರಿಯನ್ನೂ ಮೃದಂಗವನ್ನೂ ಎಬ್ಬಿಸಿ ಕಳಿಸಿ ಗಾಯಕರೊಬ್ಬರನ್ನೇ ಕೂರಿಸಿ ಕಚೇರಿ ಹೇಗಿತ್ತೆಂದು ಕೇಳಿದಂತೆ.

ಎರಡನೆಯ ದೂರು, ಇದು ಯಂತ್ರದ ಸಂಗೀತ ಎಂಬುದು. ಮಂಡ್ಯದ ಓದುಗರೊಬ್ಬರು ‘ಒಂದೇ ಸಮನೆ ಧಬ್ ಧಬ್ ಎನ್ನುವ ಕಂಪ್ಯೂಟರ್ ತಾಳ’ ಎಂಬರ್ಥದಲ್ಲಿ ಬರೆದಿದ್ದರು. ನಾಲ್ಕೂ ಎಣಿಕೆಗೆ ಬೇಸ್ ಡ್ರಮ್ಮು, ನಡುನಡುವೆ ಜೋಡಿತಾಳ ಬಾಯಿ ತೆರೆದು ‘ತ್ಸ್’ ಎನ್ನುವುದು, ಈ ನಡೆ ಕಂಪ್ಯೂಟರಿನಿಂದ ಹುಟ್ಟಿದ್ದಲ್ಲ. 1973ರಲ್ಲಿ ಫಿಲಡೆಲ್ಫಿಯಾದ ಒಂದು ಸ್ಟುಡಿಯೊದಲ್ಲಿ ಅರ್ಲ್ ಯಂಗ್ ಎಂಬ ಡ್ರಮ್ ವಾದಕರು ತಮ್ಮ ಕಾಲಿನಿಂದ ನುಡಿಸಿ ಅದಕ್ಕೆ ರೂಪ ಕೊಟ್ಟರು. ಯಂತ್ರಗಳು ಅದನ್ನು ಅವರಿಂದ ಕಲಿತವು. ಜಮಿರೊಕ್ವಾಯ್ ತಂಡದಲ್ಲಿ ಡೆರಿಕ್ ಮೆಕೆನ್ಜಿ 1994ರಿಂದ ಡ್ರಮ್ ನುಡಿಸುತ್ತಿದ್ದಾರೆ. ಇಪ್ಪತ್ಮೂರು ವರ್ಷ ಒಂದೇ ತಂಡಕ್ಕೆ ಲಯ ಹಿಡಿದ ಮನುಷ್ಯನ ಕಾಲು ತಪ್ಪದಿರುವುದನ್ನು ಯಂತ್ರವೆಂದು ಕರೆದರೆ ಅದು ಹೊಗಳಿಕೆಯಾದೀತೇ ಹೊರತು ದೂರಾಗದು. ಇನ್ನು ಆಲ್ಬಮ್ಮಿನಲ್ಲಿ ಸಿಂಥಸೈಸರುಗಳು, ಅಂದರೆ ವಿದ್ಯುತ್ತಿನಿಂದ ಸ್ವರ ಹುಟ್ಟಿಸುವ ವಾದ್ಯಗಳು, ಧಾರಾಳವಾಗಿ ಇವೆ, ಅದನ್ನು ಅಲ್ಲಗಳೆಯಲಾಗದು. ಆದರೆ ಡಿಸ್ಕೊಗೆ ಸಿಂಥಸೈಸರ್ ನೆಂಟನಾಗಿ ನಲವತ್ತು ವರ್ಷವಾಯಿತು. 1977ರಲ್ಲಿ ನಿರ್ಮಾಪಕ ಜಾರ್ಜಿಯೊ ಮೊರೊಡರ್ ಮತ್ತು ಗಾಯಕಿ ಡೊನ್ನಾ ಸಮ್ಮರ್ ಕೂಡಿ ಮಾಡಿದ ಹಾಡು ಆ ನಂಟನ್ನು ಕೂಡಿಸಿತು. ಜೊತೆಗೆ ‘ಆಟೊಮಾಟನ್’ ಎಂಬ ಹೆಸರಿನ ಅರ್ಥವೇ ತಾನಾಗಿ ಚಲಿಸುವ ಯಂತ್ರ. ಯಂತ್ರಗಳ ನಡುವೆ ಮನುಷ್ಯರು ಒಬ್ಬರನ್ನೊಬ್ಬರು ಮರೆಯುತ್ತಿದ್ದೇವೆಂಬುದು ಜೇ ಕೇ ಆರಿಸಿಕೊಂಡ ವಸ್ತು. ವಿಡಿಯೊದಲ್ಲಿ ಅವರು ತೊಟ್ಟ, ಮಲೆನಾಡಿನ ಚಿಪ್ಪುಹಂದಿಯ ಮೈಯಂತೆ ಪದರ ಪದರವಾಗಿ ಏಳುತ್ತಾ ಬೆಳಗುವ ತಲೆದಿರಿಸು ಕೂಡ ಅದೇ ವಸ್ತುವಿಗೆ ಸೇರಿದ್ದು. ಅದನ್ನು ಬರಿಯ ಷೋಕಿ ಎಂದು ತಳ್ಳಿಹಾಕುವ ಮೊದಲು ಆ ಹಾಡಿನ ಮಾತುಗಳನ್ನು ಒಮ್ಮೆ ಓದಬೇಕಿತ್ತು.

‘ಕುಣಿಯುವ ಸಂಗೀತದಲ್ಲಿ ಗಂಭೀರವಾಗಿ ಚರ್ಚಿಸುವುದೇನಿದೆ’ ಎಂದು ಕೇಳಿದ ಪತ್ರ ಮಾತ್ರ ನನಗೆ ನಿಜವಾಗಿ ನೋವು ಕೊಟ್ಟಿತು. ಈ ಮಾತಿಗೆ ಒಂದು ಇತಿಹಾಸವಿದೆ, ಅದು ಒಳ್ಳೆಯ ಇತಿಹಾಸವಲ್ಲ. 1979ರ ಜುಲೈ 12ರಂದು ಶಿಕಾಗೋದ ಕಾಮಿಸ್ಕಿ ಪಾರ್ಕ್ ಬೇಸ್‌ಬಾಲ್ ಮೈದಾನದಲ್ಲಿ, ಎರಡು ಪಂದ್ಯಗಳ ನಡುವೆ, ಜನರು ಮನೆಯಿಂದ ತಂದ ಡಿಸ್ಕೊ ರೆಕಾರ್ಡುಗಳನ್ನು ರಾಶಿ ಹಾಕಿ ಸಿಡಿಮದ್ದಿಟ್ಟು ಸಿಡಿಸಿದರು. ಡಿಸ್ಕೊ ಕೇಳಿ ಬೇಸತ್ತ ರೇಡಿಯೊ ನಿರೂಪಕರೊಬ್ಬರು ಕರೆಕೊಟ್ಟ ಕಾರ್ಯಕ್ರಮ ಅದು. ರೆಕಾರ್ಡ್ ತಂದವರಿಗೆ ಟಿಕೆಟ್ಟು 98 ಸೆಂಟ್. ಸಾವಿರಾರು ಜನ ಮೈದಾನಕ್ಕೆ ನುಗ್ಗಿ ಎರಡನೆಯ ಪಂದ್ಯವೇ ನಡೆಯಲಿಲ್ಲ. ಡಿಸ್ಕೊವನ್ನು ಕಟ್ಟಿ ಬೆಳೆಸಿದವರು ಬಹುಪಾಲು ಕಪ್ಪು ಜನ, ಲ್ಯಾಟಿನೊ ಜನ ಮತ್ತು ಸಲಿಂಗಪ್ರೇಮಿಗಳು. ಆ ರಾತ್ರಿ ಸುಟ್ಟದ್ದು ಬರಿಯ ಪ್ಲಾಸ್ಟಿಕ್ಕಲ್ಲ ಎಂದು ಅಂದಿನಿಂದ ಇಂದಿನವರೆಗೆ ಅನೇಕರು ಬರೆದಿದ್ದಾರೆ, ನಾನೂ ಹಾಗೆಯೇ ನಂಬುತ್ತೇನೆ. ಮುಂದಿನ ತಿಂಗಳೇ ಶೀಕ್ ಎಂಬ ಡಿಸ್ಕೊ ತಂಡದ ಹಾಡೊಂದು ಅಮೆರಿಕದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು, ಮತ್ತು ಅದರಲ್ಲಿ ಬರ್ನಾರ್ಡ್ ಎಡ್ವರ್ಡ್ಸ್ ನುಡಿಸಿದ ಬೇಸ್ ಸಾಲಿನ ಮೇಲೆಯೇ ಅದೇ ವರ್ಷ ಜಗತ್ತಿನಾದ್ಯಂತ ಹೆಸರಾದ ಮೊದಲ ರ‍್ಯಾಪ್ ಹಾಡು ನಿಂತಿತು. ಸುಟ್ಟರೂ ಉಳಿದದ್ದು ಮತ್ತೆ ಬೇಸೇ.

ನಮ್ಮಲ್ಲಿಯೂ ಕುಣಿತದ ವಾದ್ಯಕ್ಕೆ ಇಂಥದೇ ಅವಜ್ಞೆ ಇತ್ತು, ಈಗಲೂ ಅಲ್ಲಲ್ಲಿ ಇದೆ. ತಮಟೆ ಬಡಿಯುವವರನ್ನು ದೇವರ ಉತ್ಸವಕ್ಕೆ ಕರೆಸಿ ಅಂಗಳದಲ್ಲಿಯೇ ನಿಲ್ಲಿಸಿದವರು ನಾವು. ಮೈ ಕುಣಿಸುವ ಸಂಗೀತ ಮನಸ್ಸನ್ನು ಮುಟ್ಟಲಾರದು ಎಂಬ ನಂಬಿಕೆ ಎಲ್ಲಿಂದ ಬಂತೆಂದು ನಾವೇ ಕೇಳಿಕೊಳ್ಳಬೇಕು. ಡಿಸ್ಕೊ ನಮ್ಮದಲ್ಲ ಎನ್ನುವವರಿಗೂ ಒಂದು ಮಾತು: ಬೆಂಗಳೂರಿನಲ್ಲಿ ಹುಟ್ಟಿದ ಕೊಡವ ಮನೆತನದ ಬಿದ್ದು ಅಪ್ಪಯ್ಯ 1967ರಲ್ಲಿ ಲಂಡನ್ನಿಗೆ ಹೋಗಿ, 1974ರಲ್ಲಿ ತಾವು ನಿರ್ಮಿಸಿದ ಒಂದೇ ಹಾಡಿನಿಂದ ಬ್ರಿಟನ್ ಮತ್ತು ಅಮೆರಿಕ ಎರಡೂ ಕಡೆ ಮೊದಲ ಸ್ಥಾನ ಪಡೆದರು. ಬ್ರಿಟನ್ನಿನ ಡಿಸ್ಕೊಗೆ ಅಡಿಪಾಯ ಹಾಕಿದವರಲ್ಲಿ ಅವರೊಬ್ಬರು. ಜಮಿರೊಕ್ವಾಯ್ ಇಂದು ನಡೆಯುತ್ತಿರುವ ದಾರಿಯ ಆರಂಭದಲ್ಲಿ ನಮ್ಮ ಪಕ್ಕದ ಜಿಲ್ಲೆಯ ಮನೆತನದ ಹೆಸರಿದೆ.

ಇನ್ನು ಕಾಫಿ ಬೆಳೆಗಾರ ಗೆಳೆಯರ ವಿಷಯ. ಅವರು, ಮತ್ತು ತಮ್ಮ ಪುರವಣಿಗೆ ಬರೆದ ಹಿರಿಯ ಓದುಗರಲ್ಲಿ ಹಲವರು, ಈ ಆಲ್ಬಮ್ಮನ್ನು 1996ರ ‘ಟ್ರಾವೆಲಿಂಗ್ ವಿದೌಟ್ ಮೂವಿಂಗ್’ ಪಕ್ಕದಲ್ಲಿಟ್ಟು ತೂಗಿದ್ದಾರೆ. ಫಂಕ್ ಸಂಗೀತದಲ್ಲಿ ಅತಿ ಹೆಚ್ಚು ಮಾರಾಟವಾದದ್ದೆಂದು ಗಿನ್ನೆಸ್ ದಾಖಲೆಯಲ್ಲಿರುವ ಆಲ್ಬಮ್ ಅದು. ಅದರ ಒಂದು ಹಾಡಿನ ವಿಡಿಯೊದಲ್ಲಿ ಜೇ ಕೇ ದೊಡ್ಡ ಟೋಪಿ ಹಾಕಿಕೊಂಡು ಜಾರುವ ನೆಲದ ಮೇಲೆ ಕುಣಿಯುವುದನ್ನು ಆಗಷ್ಟೇ ಬಂದಿದ್ದ ಕೇಬಲ್ ಟಿವಿಯಲ್ಲಿ ನಾವೆಲ್ಲ ಬಾಯಿಬಿಟ್ಟು ನೋಡಿದ್ದೆವು; 1997ರಲ್ಲಿ ಅದಕ್ಕೆ ಎಂಟಿವಿಯ ವರ್ಷದ ಅತ್ಯುತ್ತಮ ವಿಡಿಯೊ ಪ್ರಶಸ್ತಿ ಬಂತು. ನೆಲ ಸರಿಯುತ್ತಿದೆ ಎಂದೇ ಎಲ್ಲರೂ ತಿಳಿದಿದ್ದೆವು. ನಿಜಕ್ಕೂ ಸರಿಯುತ್ತಿದ್ದದ್ದು ಗೋಡೆಗಳು, ನೆಲ ಇದ್ದಲ್ಲೇ ಇತ್ತು ಎಂದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ನಂತರ. ಗೆಳೆಯರು ಮೊನ್ನೆ, “ಹಳೇದರ ಹಾಗಿಲ್ಲ ಕಣ್ರೀ, ಆ ಜೀವ ಇಲ್ಲ” ಎಂದಾಗ ನನಗೆ ಆ ಗೋಡೆಗಳ ನೆನಪಾಯಿತು. ಇಪ್ಪತ್ತು ವರ್ಷಗಳಲ್ಲಿ ಸರಿದದ್ದರಲ್ಲಿ ತಂಡವೂ ಇದೆ, ನಾವೂ ಇದ್ದೇವೆ. ಅಂದು ಅವರಿಗೆ ಇಪ್ಪತ್ತೈದು, ಹೊಸ ಜೀಪು, ಶಿರಾಡಿ ಘಾಟಿಯ ಇಳಿಜಾರು, ಕ್ಯಾಸೆಟ್ ಪ್ಲೇಯರಿನಲ್ಲಿ ಈ ಹಾಡುಗಳು. ಯಾವ ಹೊಸ ಆಲ್ಬಮ್ಮು ಅದನ್ನು ತಿರುಗಿ ಕೊಟ್ಟೀತು?

ಆದರೂ ಅವರ ಮಾತನ್ನು ನಾನು ಹಗುರವಾಗಿ ನೋಡಲಾರೆ, ಅದಕ್ಕೆ ಇನ್ನೊಂದು ಕಾರಣವೂ ಇದೆ. ಆಲ್ಬಮ್ ಬಂದು ಹನ್ನೊಂದನೆಯ ದಿನ, ಏಪ್ರಿಲ್ 11ರಂದು, ತಂಡದ ಮೊದಲ ಕೀಬೋರ್ಡ್ ವಾದಕ ಟೋಬಿ ಸ್ಮಿತ್ ಕ್ಯಾನ್ಸರಿನಿಂದ ತೀರಿಕೊಂಡರು. ಅವರಿಗೆ ನಲವತ್ತಾರು ವರ್ಷ. ಜೇ ಕೇ ಜೊತೆ ಕೂಡಿ ಆರಂಭದ ಹಾಡುಗಳನ್ನು ಕಟ್ಟಿದವರು ಅವರು. 2002ರಲ್ಲಿಯೇ ತಂಡ ಬಿಟ್ಟಿದ್ದರಿಂದ ಈ ಆಲ್ಬಮ್ಮಿನಲ್ಲಿ ಅವರ ಕೈ ಇಲ್ಲ. ಏಪ್ರಿಲ್ ನಡುವಿನ ನಂತರ ಬಂದ ಅಭಿಪ್ರಾಯಗಳಲ್ಲಿ ಹಳೆಯ ಕೀಬೋರ್ಡಿನ ನೆನಪು ಇಷ್ಟು ದಟ್ಟವಾಗಿರುವುದಕ್ಕೆ ಈ ಸಾವೂ ಕಾರಣ ಎಂದು ನನಗನ್ನಿಸುತ್ತದೆ. ಅಗಲಿದವರಿಗಾಗಿ ಅಳುವುದು ಸರಿ. ಆ ಅಳುವಿನ ಲೆಕ್ಕವನ್ನು ಈಗ ಕೀಬೋರ್ಡ್ ಮುಂದೆ ಕುಳಿತು, ಜೇ ಕೇ ಜೊತೆಗೆ ಈ ಆಲ್ಬಮ್ಮನ್ನು ನಿರ್ಮಿಸಿದ ಮ್ಯಾಟ್ ಜಾನ್ಸನ್ ಹೆಸರಿಗೆ ಬರೆಯುವುದು ನ್ಯಾಯವಲ್ಲ.

ನಾನು ಈ ಆಲ್ಬಮ್ಮಿನ ವಕೀಲನಾಗಿ ಬರೆಯುತ್ತಿಲ್ಲವಾದ್ದರಿಂದ ನನಗೆ ಕಂಡ ದೋಷಗಳನ್ನೂ ಹೇಳಬೇಕು. ಹನ್ನೆರಡು ಹಾಡು, ಹೆಚ್ಚುಕಡಿಮೆ ಒಂದು ಗಂಟೆ. ಎಂಟು ಹಾಡು ಸಾಕಿತ್ತು. ಏಳನೆಯ ಹಾಡಾದ ಮೇಲೆ ಓಟ ತಗ್ಗುತ್ತದೆ, ಅದೇ ವೇಗ, ಅದೇ ಚಪ್ಪಾಳೆ, ಅದೇ ಹೊಳಪು ಮತ್ತೆ ಮತ್ತೆ ಬರುತ್ತವೆ. ಶೀರ್ಷಿಕೆಯ ಹಾಡಿನಲ್ಲಿ ಕಂಠಕ್ಕೆ ಹಾಕಿದ ಯಂತ್ರದ ಲೇಪ ವಸ್ತುವಿಗೆ ಹೊಂದುತ್ತದೆ, ಒಪ್ಪುತ್ತೇನೆ. ಬೇರೆ ಹಾಡುಗಳಲ್ಲಿ ಅದು ಬೇಕಿರಲಿಲ್ಲ. ಹೆಣ್ಣು, ರಾತ್ರಿ, ಪಾರ್ಟಿ ಎಂದು ಸುತ್ತುವ ಸಾಹಿತ್ಯ ತೀರ ತೆಳುವಾಗಿದೆ. 1993ರ ಮೊದಲ ಆಲ್ಬಮ್ಮಿನಲ್ಲಿ ಭೂಮಿಯ ಬಗ್ಗೆ, ಕಾಡಿನ ಬಗ್ಗೆ ಅಷ್ಟು ಕಳಕಳಿಯಿಂದ ಹಾಡಿದ ತರುಣನಿಗೆ ಈಗ ಹೇಳಲು ಇನ್ನೂ ಹೆಚ್ಚಿರಬೇಕಿತ್ತು. ಎಲ್ಲಕ್ಕಿಂತ ಹೆಚ್ಚಾಗಿ ನಾನು ಕಾದದ್ದು ತಂಡ ಒಂದೆರಡು ನಿಮಿಷವಾದರೂ ಹಾಡು ಮರೆತು ಸುಮ್ಮನೆ ನುಡಿಸುತ್ತಾ ಹೋಗುವುದನ್ನು. ವೇದಿಕೆಯ ಮೇಲೆ ಇವರು ಹಾಗೆ ನುಡಿಸಬಲ್ಲರೆಂದು ಕೇಳಿದವರಿಗೆಲ್ಲ ಗೊತ್ತು. ಗಿಟಾರಿನ ರಾಬ್ ಹ್ಯಾರಿಸ್ ಅವರ ಬಲಗೈಯ ಸಣ್ಣ ಸಣ್ಣ ಕತ್ತರಿಯಂಥ ಏಟುಗಳನ್ನು ಹುಡುಕಿ ಹುಡುಕಿ ಕೇಳಬೇಕಾಯಿತು. ಒಳ್ಳೆಯ ವಾದಕರನ್ನು ಕರೆದು ತೆರೆಯ ಹಿಂದೆ ಕೂರಿಸಿದಂತಾಗಿದೆ.

ಆದರೆ ಭಾವವಿಲ್ಲ ಎಂಬ ಮಾತನ್ನು ಮಾತ್ರ ನಾನು ಒಪ್ಪಲಾರೆ. ಕೊನೆಯ ಹಾಡಿಗೆ ಜೇ ಕೇ ತಮ್ಮ ಪುಟ್ಟ ಮಗಳ ಹೆಸರನ್ನೇ ಇಟ್ಟಿದ್ದಾರೆ. ಅದರಲ್ಲಿಯೂ ಡಿಸ್ಕೊ ನಡೆ ನಿಲ್ಲುವುದಿಲ್ಲ, ಬೇಸ್ ಅದೇ ಉತ್ಸಾಹದಲ್ಲಿ ಓಡುತ್ತದೆ. ಆದರೆ ಕಂಠದಲ್ಲಿ, ನಲವತ್ತು ದಾಟಿದ ಮೇಲೆ ತಂದೆಯಾದವನ ನಿಬ್ಬೆರಗು ಇದೆ. ಎರಡು ಹೆಣ್ಣುಮಕ್ಕಳನ್ನು ಬೆಳೆಸಿ ದೂರದೂರಿಗೆ ಕಳಿಸಿದ ನಮ್ಮ ರಿದಂ ಪ್ಯಾಡಿನ ಗೆಳೆಯರಿಗೆ ಇಂಗ್ಲಿಷ್ ಮಾತುಗಳು ಅಷ್ಟಾಗಿ ತಿಳಿಯಲಿಲ್ಲ. ಹಾಡು ಯಾರ ಮೇಲೆಂದು ಹುಡುಗರು ಹೇಳಿದ ಮೇಲೆ, “ಇನ್ನೊಂದ್ಸಲ ಹಾಕಪ್ಪ” ಎಂದರು. ಎರಡನೆಯ ಸಲ ಅವರು ತೊಡೆಯ ಮೇಲೆ ಬೆರಳಿನಿಂದ ತಾಳ ಹಾಕುತ್ತಲೇ ಕಣ್ಣೊರೆಸಿಕೊಂಡರು. ದುಃಖದ ಹಾಡಿಗೆ ಮಾತ್ರ ಭಾವವಿರುತ್ತದೆಂದು ತಿಳಿದವರಿಗೆ ನಾನು ಈ ದೃಶ್ಯವನ್ನಷ್ಟೇ ಹೇಳಬಲ್ಲೆ.

ತಮ್ಮಲ್ಲಿ ನನ್ನ ಕೋರಿಕೆ ಇಷ್ಟೇ. ಈ ಪುಟವನ್ನು ದಯವಿಟ್ಟು ನಿಲ್ಲಿಸಬೇಡಿ. ಬರೆಯುವವರಿಗೆ, ಯಾವ ಹಾಡನ್ನು ಯಾವುದರಲ್ಲಿ ಕೇಳಿದಿರೆಂದು ಒಂದು ಸಾಲಿನಲ್ಲಿ ತಿಳಿಸಲು ಸೂಚಿಸಿ. ‘ಚೆನ್ನಾಗಿದೆ’, ‘ಚೆನ್ನಾಗಿಲ್ಲ’ ಎಂಬುದರ ಜೊತೆಗೆ ಹಾಡಿನ ಯಾವ ಜಾಗದಲ್ಲಿ ಹಾಗೆನ್ನಿಸಿತೆಂದು ಬರೆಯಲು ಹೇಳಿ. ದೊಡ್ಡ ಬಾಕ್ಸು ಎಲ್ಲರ ಮನೆಯಲ್ಲಿ ಇರಲಾರದು, ಬೇಕಾಗಿಯೂ ಇಲ್ಲ. ಕಿವಿಗೆ ಸರಿಯಾಗಿ ಕೂರುವ ಸಾಧಾರಣ ಇಯರ್‌ಫೋನು ಫೋನಿನ ಸ್ಪೀಕರಿಗಿಂತ ಎಷ್ಟೋ ಕೆಳಗಿನ ಸ್ವರವನ್ನು ಕೇಳಿಸುತ್ತದೆ. ಹಾಸನದ ಹುಡುಗರಲ್ಲಿ ಅನೇಕರ ಜೇಬಿನಲ್ಲಿ ಅದು ಈಗಾಗಲೇ ಇದೆ.

ಮುಂದಿನ ಭಾನುವಾರ ನಾವು ಮತ್ತೆ ಸೇರುತ್ತಿದ್ದೇವೆ. ಸಕಲೇಶಪುರದ ಗೆಳೆಯರು ತಮ್ಮ 1996ರ ಕ್ಯಾಸೆಟ್ಟನ್ನು ಹುಡುಕಿ ತರುವುದಾಗಿ ಹೇಳಿದ್ದಾರೆ, ಅದನ್ನು ನುಡಿಸುವ ಡೆಕ್ಕನ್ನು ಸೌಂಡ್ ಸರ್ವಿಸ್ಸಿನ ಗೆಳೆಯರು ರಿಪೇರಿಗೆ ತೆಗೆದಿದ್ದಾರೆ. ಹಳೆಯದನ್ನೂ ಹೊಸದನ್ನೂ ಅದೇ ಬಾಕ್ಸುಗಳಲ್ಲಿ, ಒಂದೇ ಮಟ್ಟದಲ್ಲಿ, ಒಂದಾದ ಮೇಲೊಂದರಂತೆ ಕೇಳಿ, ಯಾರಿಗೆ ಎಲ್ಲಿ ಏನು ಕೇಳಿಸಿತೆಂದು ಬರೆದು ಕಳುಹಿಸುತ್ತೇನೆ. ನನ್ನ ಅಭಿಪ್ರಾಯ ಬದಲಾಗಿದ್ದರೆ ಅದನ್ನೂ ಬರೆಯುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಗಣಿತ ಶಿಕ್ಷಕ, ವಿದ್ಯಾನಗರ, ಹಾಸನ